ಕನ್ನಡ ಜಾಲತಾಣಕ್ಕೆ ವಿಂಡೋಸ್‌ನಲ್ಲಿ ಪಿಎಚ್‌ಪಿ: ನಾನು ಸಜ್ಜು ಮಾಡಿಕೊಳ್ಳುವ ಬಗೆ

ಇನ್‌ಸ್ಟಾಲ್ ಮಾಡುವ ಮೊದಲೇ ನಾನು ಹೋಸ್ಟಿಂಗ್ ಸರ್ವರ್‌ನಲ್ಲಿ ಪಿಎಚ್‌ಪಿಯ (ಜಾಲತಾಣ ಬರೆಯುವ ಪ್ರೋಗ್ರಾಮಿಂಗ್ ಭಾಷೆ) ಯಾವ ಆವೃತ್ತಿ ಇದೆಯೆಂದು ನೋಡಿಕೊಳ್ಳುತ್ತೇನೆ. ಅಲ್ಲಿ 8.1 ಇದ್ದರೆ ಇಲ್ಲಿಗೂ 8.1 ಇರುವ ಎಕ್ಸಾಂಪ್ (ವೆಬ್ ಸರ್ವರ್ ಅಪಾಚೆ, ಪಿಎಚ್‌ಪಿ, ಡೇಟಾಬೇಸ್ ಒಟ್ಟಿಗೇ ಸಿಗುವ ಪ್ಯಾಕೇಜ್) ಅನ್ನೇ ಇಳಿಸಿಕೊಳ್ಳುತ್ತೇನೆ. ಇಲ್ಲಿ 8.2 ಹಾಕಿಕೊಂಡು ಅದರಲ್ಲೇ ಹೊಸದಾಗಿ ಬಂದ ರೀಡ್‌ಓನ್ಲಿ ಕ್ಲಾಸ್ ಬರೆದರೆ ಇಲ್ಲಿ ಸರಾಗವಾಗಿ ಓಡುತ್ತದೆ, ಸರ್ವರ್‌ಗೆ ಹಾಕಿದ ಕೂಡಲೇ ಪಾರ್ಸ್ ಎರರ್.

ಎಕ್ಸಾಂಪ್ ಸಿ ಡ್ರೈವಿನಲ್ಲಿ ನೇರವಾಗಿ ಅದರದೇ ಫೋಲ್ಡರಿನಲ್ಲಿರಲಿ. ಪ್ರೋಗ್ರಾಂ ಫೈಲ್ಸ್ ಒಳಗೆ ಹಾಕಿದರೆ ಫೈಲ್ ಬರೆಯಲು ವಿಂಡೋಸ್ ಅನುಮತಿ ಕೊಡದೆ ತಕರಾರು ಶುರುವಾಗುತ್ತದೆ. ಅಪಾಚೆ, ಮೈಎಸ್‌ಕ್ಯುಎಲ್, ಪಿಎಚ್‌ಪಿಮೈಅಡ್ಮಿನ್ ಸಾಕು; ಮರ್ಕ್ಯುರಿ, ಟಾಮ್‌ಕ್ಯಾಟ್ ಬೇಕಿಲ್ಲ. ಮೈಎಸ್‌ಕ್ಯುಎಲ್ ಎಂಬ ಹೆಸರಿದ್ದರೂ ಒಳಗಿರುವುದು ಮಾರಿಯಾಡಿಬಿ. ಎಕ್ಸಾಂಪ್‌ನ ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಅಪಾಚೆ ಹಸಿರಾಗದಿದ್ದರೆ 80ನೇ ಪೋರ್ಟನ್ನು ಬೇರೆ ಯಾವುದೋ ಹಿಡಿದುಕೊಂಡಿದೆ ಎಂದೇ ಸಾಮಾನ್ಯವಾಗಿ ಅರ್ಥ. ಪ್ಯಾನೆಲ್ಲಿನ ನೆಟ್‌ಸ್ಟ್ಯಾಟ್ ಬಟನ್ ಒತ್ತಿದರೆ ಯಾವುದೆಂದು ಕಾಣುತ್ತದೆ. ಅಪಾಚೆಯ ಕಾನ್ಫಿಗ್ ಫೈಲಿನಲ್ಲಿ ಲಿಸನ್ 80 ಇರುವಲ್ಲಿ 8080 ಮಾಡಿ, ಸರ್ವರ್‌ನೇಮ್ ಸಾಲಿನಲ್ಲೂ ಬದಲಿಸಿ. ಆಮೇಲೆ ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ ನಂತರ :8080 ಸೇರಿಸುವುದನ್ನು ಮರೆಯಬಾರದು.

ಮುಂದಿನದು ಪಿಎಚ್‌ಪಿಯ ಸೆಟ್ಟಿಂಗ್‌ಗಳಿರುವ ಐಎನ್‌ಐ ಫೈಲ್. ಎಕ್ಸಾಂಪ್‌ನ ಸಮಯವಲಯ ಯುರೋಪ್/ಬರ್ಲಿನ್ ಎಂದಿರುತ್ತದೆ. ಹಾಗೇ ಬಿಟ್ಟರೆ ಲೇಖನಗಳ ಸಮಯ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಹಿಂದೆ ಬೀಳುತ್ತದೆ. ಏಷ್ಯಾ/ಕೋಲ್ಕತಾ ಎಂದು ಬರೆಯಿರಿ. ಐಎನ್‌ಟಿಎಲ್, ಜಿಪ್, ಜಿಡಿ ಎಕ್ಸ್‌ಟೆನ್ಷನ್‌ಗಳ ಸಾಲಿನ ಮೊದಲಲ್ಲಿ ಅರ್ಧವಿರಾಮ ಚಿಹ್ನೆ (;) ಇದ್ದರೆ ತೆಗೆದು, ಸೇವ್ ಮಾಡಿ, ಅಪಾಚೆಯನ್ನು ನಿಲ್ಲಿಸಿ ಮತ್ತೆ ಶುರುಮಾಡಿ. ರೀಸ್ಟಾರ್ಟ್ ಆಗದೆ ಯಾವ ಬದಲಾವಣೆಯೂ ಜಾರಿಗೆ ಬರದು.

ಕನ್ನಡದವರು ಹೆಚ್ಚು ಸಮಯ ಕೊಡಬೇಕಾದದ್ದು ಡೇಟಾಬೇಸಿಗೆ. ಡೇಟಾಬೇಸ್, ಟೇಬಲ್, ಸಂಪರ್ಕ ಮೂರೂ ಯುಟಿಎಫ್8ಎಂಬಿ4 (ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಒಂದು ಎನ್‌ಕೋಡಿಂಗ್) ಆಗಿರಬೇಕು. ಕನ್ನಡದ ಪ್ರತಿ ಕೋಡ್‌ಪಾಯಿಂಟಿಗೆ (ಒಂದು ಯೂನಿಕೋಡ್ ಸಂಕೇತಕ್ಕೆ) 3 ಬೈಟ್ ಬೇಕಾಗುವುದರಿಂದ ಮೈಎಸ್‌ಕ್ಯುಎಲ್‌ನ ಹಳೆಯ ಯುಟಿಎಫ್8ರಲ್ಲೂ ಅದು ಹಿಡಿಸುತ್ತದೆ. ಆದರೆ ಓದುಗರೊಬ್ಬರು 4 ಬೈಟಿನ ಎಮೋಜಿ ಹಾಕಿದರೆ ಅಲ್ಲೇ ಕೆಡುತ್ತದೆ. ಪಿಡಿಒ (ಪಿಎಚ್‌ಪಿಯಿಂದ ಡೇಟಾಬೇಸ್ ತಲುಪುವ ಸೌಲಭ್ಯ) ಸಂಪರ್ಕದ ಸಾಲಿನಲ್ಲಿ ಡೇಟಾಬೇಸಿನ ಹೆಸರಿನ ಜೊತೆಗೇ ಚಾರ್‌ಸೆಟ್ ಅನ್ನೂ ನಾನು ತಪ್ಪದೆ ಬರೆಯುತ್ತೇನೆ.

ಅಕ್ಷರ ಕೆಟ್ಟಾಗ ಅದು ಯಾವ ರೀತಿ ಕೆಟ್ಟಿದೆ ಎಂಬುದನ್ನು ಗಮನವಿಟ್ಟು ನೋಡಿ. ತಲೆಯ ಮೇಲೆ ಓರೆಗೆರೆಯಿರುವ ಇಂಗ್ಲಿಷಿನ ಸಣ್ಣ ಎ, ಪಕ್ಕದಲ್ಲಿ ಪುಟ್ಟ 2, ಇವೇ ಸಾಲುಸಾಲಾಗಿ ಬರುತ್ತಿದ್ದರೆ ಕನ್ನಡದ ಬೈಟ್‌ಗಳನ್ನು ಲ್ಯಾಟಿನ್1 (ಪಶ್ಚಿಮ ಯುರೋಪಿನ ಭಾಷೆಗಳ ಹಳೆಯ ಎನ್‌ಕೋಡಿಂಗ್) ಎಂದುಕೊಂಡು ಓದಲಾಗಿದೆ. ಬೈಟ್‌ಗಳು ಉಳಿದಿರುವುದರಿಂದ ಇದನ್ನು ಸಾಮಾನ್ಯವಾಗಿ ಸರಿಪಡಿಸಬಹುದು. ಬರೀ ಪ್ರಶ್ನಾರ್ಥಕ ಚಿಹ್ನೆಗಳಿದ್ದರೆ ಟೇಬಲ್ಲನ್ನೂ ನೋಡಬೇಕು. ಟೇಬಲ್ ಲ್ಯಾಟಿನ್1 ಆಗಿದ್ದು ಸ್ಟ್ರಿಕ್ಟ್ ಮೋಡ್ ಇಲ್ಲದಿದ್ದರೆ ಡೇಟಾಬೇಸ್ ಅಕ್ಷರಗಳನ್ನು ಬಿಸಾಡಿ ಪ್ರಶ್ನೆ ಚಿಹ್ನೆಯನ್ನೇ ಬರೆದುಕೊಂಡಿರುತ್ತದೆ. ಆ ಪಠ್ಯ ಮತ್ತೆ ಸಿಗದು. ಇದೇ ಕಾರಣಕ್ಕೆ ನಾನು ಲೋಕಲ್‌ನಲ್ಲಿ ಸ್ಟ್ರಿಕ್ಟ್ ಮೋಡ್ ಹಾಕಿಯೇ ಇಡುತ್ತೇನೆ: ಅಕ್ಷರ ಕಳೆದುಹೋಗುವ ಬದಲು ಎರರ್ ಬರುತ್ತದೆ.

ಕೋಡಿನಲ್ಲೂ ಇದೇ ಎಚ್ಚರ ಬೇಕು. “ಕನ್ನಡ” ಎಂಬ ಪದಕ್ಕೆ ಬೈಟ್ ಎಣಿಸುವ ಎಸ್‌ಟಿಆರ್‌ಲೆನ್ 15 ಎನ್ನುತ್ತದೆ, ಕೋಡ್‌ಪಾಯಿಂಟ್ ಎಣಿಸುವ ಎಂಬಿ_ಎಸ್‌ಟಿಆರ್‌ಲೆನ್ 5 ಎನ್ನುತ್ತದೆ. ಕಣ್ಣಿಗೆ ಕಾಣುವುದು ಮೂರೇ ಅಕ್ಷರ. ಒತ್ತಕ್ಷರ ಮಾಡುವ ವಿರಾಮ ಚಿಹ್ನೆಯೂ (್) ಒಂದು ಕೋಡ್‌ಪಾಯಿಂಟ್ ಆಗಿರುವುದರಿಂದ, ಮುಖಪುಟದ ಸಾರಾಂಶವನ್ನು ಎಂಬಿ_ಸಬ್‌ಎಸ್‌ಟಿಆರ್‌ನಿಂದ ಕತ್ತರಿಸಿದರೂ ಕೊನೆಯಲ್ಲಿ ಅರ್ಧ ಅಕ್ಷರ ನೇತಾಡಬಹುದು. ನಾನು ಹಿಂದಿನ ಖಾಲಿ ಜಾಗದವರೆಗೆ ಹೋಗಿ ಅಲ್ಲೇ ಕತ್ತರಿಸುತ್ತೇನೆ. ಪದ ಇಡಿಯಾಗಿ ಉಳಿಯುತ್ತದೆ.

ಎಡಿಟರಿನಲ್ಲಿ ಫೈಲುಗಳನ್ನು ಬಿಒಎಂ (ಫೈಲಿನ ಮೊದಲಲ್ಲಿ ಕೂರುವ ಎನ್‌ಕೋಡಿಂಗ್ ಗುರುತು) ಇಲ್ಲದ ಯುಟಿಎಫ್-8 ಆಗಿ ಸೇವ್ ಮಾಡಿ. ಬಿಒಎಂ ಇದ್ದರೆ ಕಣ್ಣಿಗೆ ಕಾಣದ 3 ಬೈಟ್ ಪುಟಕ್ಕಿಂತ ಮೊದಲೇ ಹೊರಬಿದ್ದು, ಲಾಗಿನ್ ಸೆಷನ್ ಶುರುಮಾಡುವಾಗ ಹೆಡರ್‌ಗಳು ಆಗಲೇ ಹೋಗಿವೆ ಎಂಬ ಎಚ್ಚರಿಕೆ ಬರಬಹುದು. ಫೈಲಿನ ಹೆಸರುಗಳೆಲ್ಲ ಇಂಗ್ಲಿಷಿನ ಸಣ್ಣ ಅಕ್ಷರದಲ್ಲೇ ಇರಲಿ: ವಿಂಡೋಸ್‌ಗೆ ದೊಡ್ಡ ಅಕ್ಷರ, ಸಣ್ಣ ಅಕ್ಷರ ಎರಡೂ ಒಂದೇ, ಲಿನಕ್ಸ್ ಸರ್ವರ್‌ಗೆ ಅವು ಬೇರೆಬೇರೆ ಫೈಲುಗಳು.