ನಾಟಕ ಕಟ್ಟಿ ತಂಡದ ಕೈಗೆ ಕೊಟ್ಟು ಬರುವ ಕೆಲಸ

ನಮ್ಮ ಗುಬ್ಬಿ ತಾಲ್ಲೂಕಿನ ಹಳ್ಳಿಗಳಲ್ಲಿ ನಾಟಕ ಕಲಿಸುವವರನ್ನು ಮೇಷ್ಟ್ರು ಅನ್ನುತ್ತಾರೆ. ಹಾರ್ಮೋನಿಯಂ ಮುಂದೆ ಕೂತು ಕುರುಕ್ಷೇತ್ರದ ಪದ್ಯಗಳನ್ನು ಒಬ್ಬೊಬ್ಬರಿಗೂ ಹೇಳಿಕೊಡುವವರು ಅವರೇ. ಹೆಂಗಸರು ಬರುತ್ತಿದ್ದದ್ದು ದ್ರೌಪದಿ, ರುಕ್ಮಿಣಿ ಪಾತ್ರಕ್ಕೆ. ಅದೂ ಪಟ್ಟಣದಿಂದ ದುಡ್ಡು ಕೊಟ್ಟು ಕರೆಸಿದವರು. ಹಾಗಾಗಿ ನಾನು ನಿರ್ದೇಶನ ಮಾಡುತ್ತೇನೆ ಅಂದಾಗ ಮನೆಯಲ್ಲಿ ಕೇಳಿದ್ದು, "ನಿನಗೆ ಹಾರ್ಮೋನಿಯಂ ಬರುತ್ತಾ?" ನಾಟಕ ಕಂಪನಿಯ ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಸ್ವಂತ ತಂಡ ಕಟ್ಟಿ, ಮೈಸೂರಿನ ಸರ್ಕಾರಿ ರಂಗಸಂಸ್ಥೆ ರಂಗಾಯಣವನ್ನೂ ನಡೆಸಿದವರು. ವಾದ ಮಾಡಲು ನನಗೆ ಅವರ ಹೆಸರೇ ಸಾಕಾಯಿತು.

ಹೆಗ್ಗೋಡಿನ ರಂಗಸಂಸ್ಥೆ ನೀನಾಸಂನಲ್ಲಿ ಕಲಿತು, ಒಂದು ರೆಪರ್ಟರಿಗೆ, ಅಂದರೆ ಸಂಬಳದ ಕಾಯಂ ನಟರಿರುವ ನಾಟಕ ತಂಡಕ್ಕೆ, ನಟಿಯಾಗಿ ಸೇರಿದೆ. ನೀನಾಸಂ 1985ರಲ್ಲಿ ತಿರುಗಾಟ ಅನ್ನುವ ತನ್ನ ಸಂಚಾರಿ ತಂಡ ಶುರು ಮಾಡಿತು. ಊರೂರು ಸುತ್ತುವ ತಂಡಗಳ ಕ್ರಮ ಹೆಚ್ಚುಕಡಿಮೆ ಒಂದೇ: ಮೊದಲು ತಾಲೀಮು, ಮಳೆ ನಿಂತ ಮೇಲೆ ಸುತ್ತಾಟ, ಅದೇ ನಟರಿಂದ ಎರಡು ಮೂರು ನಾಟಕ. ನಿರ್ದೇಶಕರು ಹೊರಗಿನಿಂದ ಬಂದು, ನಾಟಕ ಕೂರಿಸಿ, ಮೊದಲ ಪ್ರದರ್ಶನ ಆದ ಮೇಲೆ ಹೊರಟುಬಿಡುತ್ತಾರೆ. ಆಮೇಲೆ ನಟನಿಗೆ ಜ್ವರ ಬಂದರೆ? ಯಾರು ಎಲ್ಲಿಂದ ಎಂಟ್ರಿ, ಯಾವ ಮಾತಿಗೆ ಎದ್ದು ನಿಲ್ಲಬೇಕು, ಯಾರಿಗೆ ಗೊತ್ತಿರುತ್ತದೆ?

ನಾನು ಬರೆದಿಡುತ್ತಿದ್ದೆ. ಸುಮ್ನೆ ಅಭ್ಯಾಸಕ್ಕೆ ಶುರುವಾಗಿದ್ದು. ಎಡಪುಟದಲ್ಲಿ ಮಾತು, ಬಲಪುಟದಲ್ಲಿ ಚಲನೆ, ಬೆಳಕು, ರಂಗದ ಪಕ್ಕದ ಯಾವ ವಿಂಗಿನಲ್ಲಿ ಯಾವ ಪ್ರಾಪರ್ಟಿ, ಅಂದರೆ ನಾಟಕದ ಸಾಮಾನು. ಆ ನೋಟ್‌ಬುಕ್ ನೋಡಿಯೇ ತಂಡದವರು ನನ್ನಿಂದ ಬದಲಿ ನಟರಿಗೆ ಪಾಠ ಹೇಳಿಸತೊಡಗಿದರು. ಮುಂದಿನ ಹಂಗಾಮಿನಲ್ಲಿ ಸಹಾಯಕ ನಿರ್ದೇಶಕಿ, ಆಮೇಲೆ ಒಂದು ನಾಟಕ ನನ್ನ ಹೆಸರಿಗೇ ಬಂತು.

ರೆಪರ್ಟರಿಯಲ್ಲಿ ನಾಟಕಕ್ಕೆ ತಕ್ಕ ನಟರನ್ನು ಹುಡುಕುವ ಹಾಗಿಲ್ಲ, ಇರುವ ನಟರಿಗೇ ನಾಟಕ ಹೊಂದಬೇಕು. ಹೆಣ್ಣುಮಕ್ಕಳು ತಂಡದಲ್ಲಿ ಯಾವಾಗಲೂ ಕಮ್ಮಿ. ಆದರೆ ಹೆಣ್ಣಿಗೆ ಹೆಣ್ಣಿನ ಪಾತ್ರವೇ ಯಾಕೆ? ಮೈಸೂರಿನ ಆರ್. ನಾಗರತ್ನಮ್ಮ 1958ರಲ್ಲೇ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಕಂಸನ ವೇಷ ಹಾಕಿ ಗೆದ್ದಿದ್ದರು. ನಾನೂ ಮಂತ್ರಿ, ಸೇನಾಪತಿ ಪಾತ್ರಗಳನ್ನು ಹುಡುಗಿಯರಿಗೆ ಕೊಟ್ಟೆ. ಪ್ರೇಕ್ಷಕರು ತಕರಾರು ಮಾಡಲಿಲ್ಲ. ತಂಡದ ಹುಡುಗರೇ ಸ್ವಲ್ಪ ದಿನ ಮುಖ ಊದಿಸಿಕೊಂಡಿದ್ದರು!

ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಆಡಿದ ನಾಟಕವನ್ನೇ ಮರುದಿನ ದೇವಸ್ಥಾನದ ಮುಂದಿನ ಕಟ್ಟೆಯ ಮೇಲೂ ಆಡಬೇಕಾಗುತ್ತದೆ. ಅದಕ್ಕೇ ತಾಲೀಮಿನ ಕೊನೆಯ ವಾರ ನೆಲದ ಮೇಲಿನ ಗುರುತನ್ನು ದಿನಾ ಚಿಕ್ಕದು ಮಾಡುತ್ತಾ ಹೋಗುತ್ತೇನೆ. ಅರ್ಧ ಜಾಗದಲ್ಲೂ ದೃಶ್ಯ ನಿಂತರೆ ಸರಿ. ರಂಗದ ಬೆಳಕು ಇಲ್ಲದೆ, ಟ್ಯೂಬ್‌ಲೈಟಿನಲ್ಲೇ ಒಂದು ರನ್‌ಥ್ರೂ, ಅಂದರೆ ಮೊದಲಿಂದ ಕೊನೆಯವರೆಗೆ ನಿಲ್ಲಿಸದ ತಾಲೀಮು, ಕಡ್ಡಾಯ. ವೋಲ್ಟೇಜ್ ಬಿದ್ದ ಊರಲ್ಲಿ ಇದು ಕಾಪಾಡುತ್ತದೆ.

ಸಂಘಟಕರು ಫೋನಿನಲ್ಲಿ ಕೇಳುವುದು ಊಟಕ್ಕೆ ಎಷ್ಟು ಜನ ಅಂತ. ನಾನು ಮೊದಲು ಕೇಳುವುದು ಬೇರೆ. ರಂಗದ ಪಕ್ಕ ಚಿಲಕ ಇರುವ ಕೋಣೆ ಇದೆಯಾ? ನೀರು ಬರುವ ಶೌಚಾಲಯ ಎಷ್ಟು ದೂರ? ಬಹಳ ಕಡೆ ಶಾಲೆಯ ಬೀಗದ ಕೈ ತರಿಸಿದರೆ ಎರಡೂ ಸಿಗುತ್ತದೆ, ಯಾರಾದರೂ ಕೇಳಬೇಕು ಅಷ್ಟೇ. ಮಧ್ಯಾಹ್ನದಿಂದ ನೀರು ಕುಡಿಯದೆ ಕೂತ ನಟಿಯ ಗಂಟಲು ರಾತ್ರಿ ಕೊನೆಯ ಸಾಲಿಗೆ ಮುಟ್ಟುವುದಿಲ್ಲ. ನನ್ನ ಮಟ್ಟಿಗೆ ಇದೂ ನಿರ್ದೇಶನದ ಕೆಲಸವೇ.

ಊರಿನವರು ಈಗಲೂ ನೇರ ಲೈಟಿಂಗ್ ಹುಡುಗನ ಹತ್ತಿರ ಹೋಗಿ "ಮೇಷ್ಟ್ರೇ" ಅನ್ನುತ್ತಾರೆ. ಅವನು ನನ್ನ ಕಡೆ ಕೈ ತೋರಿಸುತ್ತಾನೆ. ನಾನು ಬೇಜಾರು ಮಾಡಿಕೊಳ್ಳುವುದಿಲ್ಲ, ಆದರೆ ಲೆಕ್ಕಾಚಾರದ ಮಾತು ಮಾತ್ರ ನಾನೇ ಆಡುತ್ತೇನೆ.

ದುಡ್ಡಿನ ವಿಷಯ. ನಟರಿಗೆ ತಿಂಗಳ ಸಂಬಳ, ನಿರ್ದೇಶಕಿಗೆ ನಾಟಕಕ್ಕೊಂದು ಸಂಭಾವನೆ. ಮಿಕ್ಕ ತಿಂಗಳು ಮಕ್ಕಳ ಬೇಸಿಗೆ ಶಿಬಿರ, ಕಾಲೇಜು ನಾಟಕ. ಇದನ್ನು ಮೊದಲೇ ತಿಳಿದುಕೊಂಡು ಬರುವುದು ಒಳ್ಳೆಯದು.

ಹಂಗಾಮಿನ ನಡುವೆ ಹೇಳದೆ ಹೋಗಿ ಹಿಂದಿನ ಸಾಲಲ್ಲಿ ಕೂತು ನೋಡುತ್ತೇನೆ. ಹಾಸ್ಯದ ದೃಶ್ಯ ಪ್ರತಿ ಸಲವೂ ಜಾಸ್ತಿ ಉದ್ದವಾಗಿರುತ್ತದೆ. ಒಂದಿಷ್ಟು ಕತ್ತರಿಸುತ್ತೇನೆ, ಒಂದಿಷ್ಟು ಬಿಡುತ್ತೇನೆ. ನಟ ಊರೂರಲ್ಲಿ ಸಂಪಾದಿಸಿದ ಮಾತು ಕೆಲವೊಮ್ಮೆ ನಾನು ಕೂರಿಸಿದ್ದಕ್ಕಿಂತ ಚೆನ್ನಾಗಿರುತ್ತದೆ. ಅದನ್ನೂ ನೋಟ್‌ಬುಕ್ಕಿನಲ್ಲಿ ಸೇರಿಸಿ ಬರುತ್ತೇನೆ.