ನಿಮ್ಮ ಮನೆಯ ಇಂಗಾಲದ ಲೆಕ್ಕ ಇಳಿಸೋದು ಹೇಗೆ?

ಇಂಗಾಲದ ಲೆಕ್ಕ ಅಂದರೆ ನಮ್ಮ ಬಳಕೆಯಿಂದ ಗಾಳಿಗೆ ಸೇರುವ, ಭೂಮಿಯನ್ನು ಬಿಸಿ ಮಾಡುವ ಅನಿಲಗಳ ಒಟ್ಟು ಲೆಕ್ಕ. ಮೊದಲು ಕಾರಣ ತಿಳಿದುಕೊಳ್ಳಿ. ಕಲ್ಲಿದ್ದಲು, ಪೆಟ್ರೋಲ್, ಗ್ಯಾಸ್ ಸುಟ್ಟಾಗ ಬರುವ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರಿ ಭೂಮಿಯ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಾರ್ಖಾನೆಗಳ ಕಾಲ ಶುರುವಾಗುವ ಮೊದಲು ಗಾಳಿಯ ಪ್ರತಿ 10 ಲಕ್ಷ ಅಣುಗಳಲ್ಲಿ ಸುಮಾರು 280 ಇದ್ದದ್ದು ಈಗ 420 ದಾಟಿದೆ.

ಒಂದು ವರ್ಷದ ಕರೆಂಟ್ ಬಿಲ್ ತೆಗೆದು, ಯಾವ ತಿಂಗಳು ಯೂನಿಟ್ ಜಾಸ್ತಿ ಆಗಿದೆ ನೋಡಿ. ಹಲವು ಮನೆಗಳಲ್ಲಿ ನೀರು ಕಾಯಿಸುವುದು, ಕೋಣೆ ತಂಪು ಅಥವಾ ಬೆಚ್ಚಗೆ ಮಾಡುವುದೇ ದೊಡ್ಡ ಖರ್ಚು, ಬಲ್ಬು ಅಲ್ಲ. ಅಲ್ಲಿಂದಲೇ ಶುರು ಮಾಡಿ.

ಎಸಿ ಇದ್ದರೆ ಫಿಲ್ಟರ್ ತೊಳೆಯಿರಿ, ಒಂದೆರಡು ಡಿಗ್ರಿ ಏರಿಸಿ. ಇನ್ನೊಂದು ಮಾತು, ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ: ಎಸಿಯೊಳಗಿನ ತಂಪು ಮಾಡುವ ಗ್ಯಾಸ್ ಕಡಿಮೆ ಆಗಿದೆ ಅಂದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ, ಹಾಗಾಗಿ ಸುಮ್ನೆ ತುಂಬಿಸಬೇಡಿ, ಮೊದಲು ಸೋರಿಕೆ ಸರಿಮಾಡಿಸಿ. ಹಲವು ಎಸಿಗಳಲ್ಲಿರುವ ಆರ್-410ಎ ಎಂಬ ಗ್ಯಾಸ್ 100 ವರ್ಷಗಳ ಲೆಕ್ಕದಲ್ಲಿ ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 2,000 ಪಟ್ಟು ಹೆಚ್ಚು ಬಿಸಿ ಮಾಡುತ್ತದೆ. ಇಂಥ ಗ್ಯಾಸ್‌ಗಳನ್ನು ಕಡಿಮೆ ಮಾಡಲೆಂದೇ 2016ರಲ್ಲಿ ರುವಾಂಡಾ ದೇಶದ ಕಿಗಾಲಿಯಲ್ಲಿ ದೇಶಗಳು ಒಪ್ಪಂದ ಮಾಡಿಕೊಂಡವು. ಹಳೆಯ ಎಸಿ ಎಸೆಯುವಾಗಲೂ ಗ್ಯಾಸನ್ನು ಸಿಲಿಂಡರ್‌ಗೆ ಇಳಿಸಿಕೊಳ್ಳಲು ಮೆಕ್ಯಾನಿಕ್‌ಗೆ ಹೇಳಿ.

ಅಡುಗೆ ಎಷ್ಟು ಬೇಕೋ ಅಷ್ಟೇ ಮಾಡಿ. ಹಸಿ ಕಸ ಕಸದ ಗುಡ್ಡೆಯಲ್ಲಿ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಎಂಬ ಅನಿಲ ಬರುತ್ತದೆ, ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು 20 ವರ್ಷಗಳ ಲೆಕ್ಕದಲ್ಲಿ ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಪ್ರಬಲ. ಮನೆಯಲ್ಲೇ ಒಣ ಎಲೆ ಬೆರೆಸಿ ಗೊಬ್ಬರ ಮಾಡಿ, ಆಗಾಗ ತಿರುವಿ ಹಾಕಿ. ವಾಸನೆ ಬಂತಾ? ಒದ್ದೆ ಜಾಸ್ತಿ ಆಗಿದೆ, ಇನ್ನಷ್ಟು ಒಣ ಎಲೆ ಹಾಕಿ.

ಹತ್ತಿರದ ಓಡಾಟಕ್ಕೆ ನಡಿಗೆ, ಸೈಕಲ್. ದೂರಕ್ಕೆ ವಿಮಾನದ ಬದಲು ರೈಲು ಸಿಕ್ಕರೆ ರೈಲೇ ಹಿಡಿಯಿರಿ.