ಲೀಟರಿಗೆ 100 ಕಿ.ಮೀ. ಎಂದರೆ ಈ ಲೆಕ್ಕ ಹಾಕಿ
ಮಾಮೂಲಿ ಕಾರನ್ನು ಲೀಟರಿಗೆ 100 ಕಿ.ಮೀ. ಓಡಿಸುವ ಎಂಜಿನ್ ಬಂದಿದೆ ಅಂತ ಯಾರಾದರೂ ಹೇಳಿದರೆ, ಎಂಜಿನ್ ಒಳಗೆ ಏನಿದೆ ಅಂತ ಕೇಳಬೇಡಿ. 32ನ್ನು 0.35ರಿಂದ ಭಾಗಿಸಿ. ಒಂದು ಲೀಟರ್ ಪೆಟ್ರೋಲಿನಲ್ಲಿರುವ ಶಕ್ತಿ ಸುಮಾರು 32 ಮೆಗಾಜೂಲ್. ಗಂಟೆಗೆ 90 ಕಿ.ಮೀ. ವೇಗದಲ್ಲಿ ಗಾಳಿಯನ್ನು ಸೀಳಿಕೊಂಡು ಟೈರು ಉರುಳಲು ಕಿಲೋಮೀಟರಿಗೆ ಹೆಚ್ಚುಕಡಿಮೆ 0.35 ಮೆಗಾಜೂಲ್ ಬೇಕು. ಅಂದರೆ ಒಂದಿಷ್ಟೂ ಪೋಲು ಮಾಡದ ಎಂಜಿನ್ ಇದ್ದರೂ ಕಾರು ಲೀಟರಿಗೆ 90 ಕಿ.ಮೀ. ಆಸುಪಾಸಿನಲ್ಲಿ ನಿಲ್ಲುತ್ತದೆ. ನಿಜವಾದ ಪೆಟ್ರೋಲ್ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು 40% ಮಾತ್ರ ಕೆಲಸಕ್ಕೆ ಬರುತ್ತದೆ, ಮಿಕ್ಕಿದ್ದು ಬಿಸಿಯಾಗಿ ಹೋಗುತ್ತದೆ. ಮೈಲೇಜ್ ಹೆಚ್ಚುತ್ತದೆ ಅಂತ ಪೆಟ್ರೋಲ್ ಪೈಪಿಗೆ ಮ್ಯಾಗ್ನೆಟ್ ಕಟ್ಟಿದರೆ ಗಾಳಿ ದಾರಿ ಬಿಡುವುದಿಲ್ಲ ಅಲ್ವಾ? ಈ ಲೆಕ್ಕ ಹೆದ್ದಾರಿಯ ವೇಗಕ್ಕೆ, ಸಾಮಾನ್ಯ ಗಾತ್ರದ ಕಾರಿಗೆ ಮಾತ್ರ. ನಿಧಾನಕ್ಕೆ ಹೋದರೆ ಗಾಳಿಯ ತಡೆ ತುಂಬಾ ಇಳಿಯುತ್ತದೆ. ಒಬ್ಬರೇ ಒರಗಿ ಕೂರುವ, ಸ್ಪರ್ಧೆಗೆಂದೇ ಮಾಡಿದ ಹಗುರ ಗಾಡಿಗಳು ಲೀಟರಿಗೆ 1000 ಕಿ.ಮೀ. ದಾಟಿದ್ದೂ ಉಂಟು, ಅದರಲ್ಲಿ ಮೋಸವಿಲ್ಲ. ಪ್ಲಗ್-ಇನ್ ಹೈಬ್ರಿಡ್ (ಪೆಟ್ರೋಲ್ ಜೊತೆಗೆ ಚಾರ್ಜ್ ಮಾಡಿದ ಬ್ಯಾಟರಿಯಿಂದಲೂ ಓಡುವ ಕಾರು) ಆದರೆ ಮಾತ್ರ ಹುಷಾರು. ಚಾರ್ಜ್ ಮಾಡಿದ ಕರೆಂಟನ್ನು ಬಿಟ್ಟು ಬರೀ ಪೆಟ್ರೋಲ್ ಲೆಕ್ಕ ಹೇಳಿರುತ್ತಾರೆ.